ಸೈಜಣ್ಣನ ಕೈಗವಸು

ಸೈಜಣ್ಣ ಯಾರ ಮುಖವನ್ನಾದರೂ ನೋಡುವುದು ಕಾಲು ನೋಡಿ ಆದ ಮೇಲೆಯೇ. ಬಸ್ಸಿನಲ್ಲಿ ಎದುರು ಕೂತವರಿರಲಿ, ಆಸ್ಪತ್ರೆಯ ಸಾಲಿನಲ್ಲಿ ಕೆಮ್ಮುತ್ತ ನಿಂತವರಿರಲಿ, ಸಾವಿನ ಮನೆಗೆ ಅಳಲು ಬಂದವರಿರಲಿ, ಅವನ ಕಣ್ಣು ಮೊದಲು ಕೆಳಗಿಳಿದು, ಅಳತೆ ತೆಗೆದುಕೊಂಡು, ಆಮೇಲೆ ನಿಧಾನಕ್ಕೆ ಮೇಲಕ್ಕೆ ಹತ್ತುತ್ತಿತ್ತು. ಮದುವೆಗೆ ಮುಂಚೆ ಮೊದಲ ಸಲ ಭೇಟಿಯಾದಾಗಲೂ ಹೀಗೇ ಆಯಿತೆಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. "ತಲೆ ತಗ್ಗಿಸಿ ಕೂತಿದ್ರು. ಪಾಪ, ಎಷ್ಟು ನಾಚಿಕೆ ಸ್ವಭಾವ ಅಂದ್ಕೊಂಡೆ. ನೋಡಿದ್ರೆ ನನ್ನ ಚಪ್ಪಲಿ ನಂಬರ್ ಲೆಕ್ಕ ಹಾಕ್ತಿದ್ರು."

ಅರ್ಧ ಆಯಸ್ಸನ್ನು ಚಪ್ಪಲಿ ಅಂಗಡಿಯಲ್ಲಿ ಕಳೆದವನಿಗೆ ಆ ಹೆಸರು ಬಂದದ್ದೇ ಹಾಗೆ. ಕೈಗಡಿಯಾರ ರಿಪೇರಿಯವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮಾಲೀಕನೇ ಹೊರಗೆ ನಿಲ್ಲಬೇಕಾದಷ್ಟು ಇಕ್ಕಟ್ಟಾದ ಅಂಗಡಿ ಅದು. ಮೊದಮೊದಲು ಜನ ಬಂದು ಕೊಂಡು ಹೋಗುತ್ತಿದ್ದರು. ಆಮೇಲಾಮೇಲೆ ಬಂದು, ಕೂತು, ಇದ್ದಬದ್ದ ಜೋಡುಗಳನ್ನೆಲ್ಲ ಕಾಲಿಗೆ ಹಾಕಿ ನೋಡಿ, ನಂಬರು ಖಚಿತಪಡಿಸಿಕೊಂಡು, ಮನೆಗೆ ಹೋಗಿ ಫೋನಿನಲ್ಲಿ ತರಿಸಿಕೊಳ್ಳತೊಡಗಿದರು. ಬಾಡಿಗೆ ತಾನು ಕಟ್ಟಿ ಊರಿಗೆಲ್ಲ ಪುಕ್ಕಟೆ ಅಳತೆ ಹೇಳುವ ಸಮಾಜಸೇವೆ ಸಾಕೆನಿಸಿದ ದಿನ ಸೈಜಣ್ಣ ಶಟರ್ ಎಳೆದ. ಕಪಾಟು, ಕನ್ನಡಿ, ಕಾಲಿಡುವ ಮಣೆ, ಎಲ್ಲ ಮಾರಿಹೋದವು. ಯಾರಿಗೂ ಬೇಡವಾಗಿ ಉಳಿದದ್ದು ಒಂದು ದಪ್ಪ ತೊಗಲಿನ ಹಾಳೆ. ಯಾವುದೋ ಕಾರ್ಖಾನೆಯ ಬೂಟಿಗೆಂದು ತರಿಸಿ, ಆರ್ಡರು ಕೈಕೊಟ್ಟು, ಅಟ್ಟ ಸೇರಿದ್ದ ಮಾಲು.

ಆಗ ಅವನ ಕೈ ಹಿಡಿದವನು ಭಾಮೈದ. ಹೆಂಡತಿಯ ಈ ತಮ್ಮ ಊರಾಚೆಯ ಪ್ರಾಣಿಗಳ ಆಸರೆಮನೆಗೆ ಮ್ಯಾನೇಜರು. ಗಾಯಗೊಂಡ ನಾಯಿ, ಯಾರೋ ಬಿಟ್ಟುಹೋದ ಬೆಕ್ಕು, ರೆಕ್ಕೆ ಮುರಿದ ಹಕ್ಕಿ ಎಲ್ಲ ಅಲ್ಲಿಗೆ ಬರುತ್ತಿದ್ದವು. ಭಾವ ಕೂಡ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬಂದ. ಅಕ್ಕನ ಗಂಡನಿಗೆ ಕೆಲಸ ಕೊಡುವುದರಲ್ಲಿ ಒಂದು ಸುಖವಿದೆ, ಕೊಟ್ಟವರಿಗೇ ಗೊತ್ತು ಅದು. ನಂಟಿನ ಮರ್ಯಾದೆಯನ್ನೂ ಬಿಡದೆ ಕುರ್ಚಿಯ ಗತ್ತನ್ನೂ ಬಿಡದೆ, "ಭಾವ, ಬೇಜಾರು ಮಾಡ್ಕೋಬೇಡಿ, ಸ್ವಲ್ಪ ಆ ಬಕೆಟ್ ಉಜ್ಜಿಬಿಡಿ" ಎನ್ನಬಹುದು.

ಅವನ ಪಾಲಿಗೆ ಬಂದದ್ದು ಹಿಂದಿನ ಕೋಣೆ. ಬೇರೆ ಯಾರೂ ಮುಟ್ಟಲೊಪ್ಪದ ಮುಳ್ಳಿಲಿಗಳ ಕೋಣೆ.

ಮುಳ್ಳಿಲಿ ಎಂದರೆ ಮುಳ್ಳುಹಂದಿಯಲ್ಲ. ಮುಳ್ಳುಹಂದಿಯ ಮುಳ್ಳು ಪೆನ್ನಿನಷ್ಟು ಉದ್ದ, ಇದರದ್ದು ಗುಂಡುಸೂಜಿಯಷ್ಟು. ಇಡೀ ಪ್ರಾಣಿಯೇ ಒಂದು ಬೂಟಿನಷ್ಟು. ಬೇಲಿ ಬುಡದಲ್ಲಿ ಹುಳ ಹುಪ್ಪಟೆ ಹೆಕ್ಕಿಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಹೆದರಿದರೆ ಮೂತಿ, ಕಾಲು, ಹೊಟ್ಟೆ ಎಲ್ಲವನ್ನೂ ಒಳಗೆಳೆದುಕೊಂಡು ಚೆಂಡಾಗಿಬಿಡುತ್ತದೆ. ಹಾಗೆ ಚೆಂಡಾದದ್ದನ್ನು ಬಿಡಿಸುವುದು ದೊಡ್ಡ ತಲೆನೋವು. ಸೈಜಣ್ಣನಿಗೆ ಮಾತ್ರ ಅದು ಹೊಸದೆನಿಸಲಿಲ್ಲ. ಮುಖ ಗಂಟು ಹಾಕಿಕೊಂಡು ಕೂತು, ಯಾವ ಜೋಡು ತೋರಿಸಿದರೂ ಬೇಡವೆನ್ನುವ ಗಿರಾಕಿಯನ್ನು ಪಳಗಿಸಿದ ಕೈ ಅದು. ಅಂಗೈಯಲ್ಲಿಟ್ಟುಕೊಂಡು ಹಗುರವಾಗಿ ತೂಗುವನು. ಏನನ್ನೂ ಒತ್ತಾಯಿಸದೆ ಬೇರೆಲ್ಲೋ ನೋಡುತ್ತಿರುವನು. ಸ್ವಲ್ಪ ಹೊತ್ತಿಗೆ ಮೂಗಿನ ತುದಿಯೊಂದು ಹೊರಬರುತ್ತಿತ್ತು.

ಬಂದ ಮುಳ್ಳಿಲಿಗಳಿಗೆಲ್ಲ ಅವನು ಬೂಟಿನ ನಂಬರನ್ನೇ ಹೆಸರಾಗಿ ಇಟ್ಟ. ಸಣ್ಣದು ಮೂರು, ನಡುವಿನದು ಆರೂವರೆ, ಎಲ್ಲಕ್ಕಿಂತ ದೊಡ್ಡದಾದ ಹರಿದ ಕಿವಿಯ ಮುದುಕ ಹನ್ನೊಂದು.

ಅಟ್ಟದ ತೊಗಲು ಕೆಲಸಕ್ಕೆ ಬಂದದ್ದು ಆಗಲೇ. ಅವನೇ ಕತ್ತರಿಸಿ, ಮೇಣ ಹಚ್ಚಿದ ದಾರದಲ್ಲಿ ಎರಡೆರಡು ಹೊಲಿಗೆ ಹಾಕಿ, ಮಣಿಕಟ್ಟಿನ ಮೇಲೆ ಬರುವಂತೆ ದಪ್ಪ ಅಂಚು ಮಡಿಚಿ, ಒಂದು ಜೊತೆ ಕೈಗವಸು ಹೊಲಿದುಕೊಂಡ. ಯಾವ ಮುಳ್ಳೂ ದಾಟದ ಕೈಗವಸು. ದಿನಾ ಸಂಜೆ ಕೆಲಸ ಮುಗಿಸಿ ಅದನ್ನು ಬಟ್ಟೆಯಲ್ಲಿ ಒರೆಸಿ, ಬೆರಳು ಬೆರಳಿಗೂ ಎಣ್ಣೆ ತಿಕ್ಕಿ, ಬಾಗಿಲ ಹಿಂದಿನ ಮೊಳೆಗೆ ಜೋಡಿಯಾಗಿ ನೇತುಹಾಕಿ ಮನೆಗೆ ಹೊರಡುವನು. ಅಂಗಡಿಯ ಕೊನೆಯ ಮಾಲು ಅದು, ಅದೂ ಮಾರಾಟಕ್ಕಿಲ್ಲದ್ದು. ಆಸರೆಮನೆಗೆ ಯಾರಾದರೂ ಅತಿಥಿಗಳು ಬಂದರೆ ಡಾಕ್ಟ್ರಮ್ಮ ಮೊದಲು ತೋರಿಸುತ್ತಿದ್ದುದು ಅದನ್ನೇ. "ಹೆಂಗೆ ಮೆತ್ತಗಿಟ್ಟಿದಾರೆ ನೋಡಿ. ಕೆಲಸಗಾರ ಅಂದ್ರೆ ಹಿಂಗಿರಬೇಕು."

ಡಾಕ್ಟ್ರಮ್ಮ ಎಂದರೆ ಪಶುವೈದ್ಯೆ. ಸೈಜಣ್ಣನ ಮಗಳಾಗುವಷ್ಟು ವಯಸ್ಸು. ಸದಾ ಅರ್ಧ ನಿದ್ದೆಯಲ್ಲಿರುವಂತೆ ಕಾಣುತ್ತಿದ್ದರು. ಮೂರು ಕಡೆ ಕೆಲಸ, ಒಂದು ಸ್ಕೂಟರು.

ಕಾಯಿಲೆ ಬಂದದ್ದು ಯಾವಾಗ ಎಂದು ಸರಿಯಾಗಿ ಯಾರಿಗೂ ಹೇಳಲಾಗುತ್ತಿರಲಿಲ್ಲ. ಒಂದು ಮುಳ್ಳಿಲಿಯ ಕಿವಿಯ ಹಿಂದೆ ಒಣಗಿದ ಹಿಟ್ಟಿನಂಥ ಹೊಟ್ಟು ಕಂಡಿತು. ಆಮೇಲೆ ಮೂತಿಯ ಸುತ್ತ ಹಕ್ಕಳೆ. ಮುಳ್ಳಿನ ಬುಡದಲ್ಲೂ ಹೊಟ್ಟು, ಮುಟ್ಟಿದರೆ ಮುಳ್ಳೇ ಕಿತ್ತು ಕೈಗೆ ಬರುತ್ತಿತ್ತು. ಡಾಕ್ಟ್ರಮ್ಮ ಉದ್ದದ ಹೆಸರೊಂದನ್ನು ಹೇಳಿದರು. ಸೈಜಣ್ಣ ಅದನ್ನು 'ಬೂಷ್ಟು' ಎಂದು ಗಿಡ್ಡ ಮಾಡಿಕೊಂಡ. ತೇವದ ಗೋಡೆಗೆ, ಹಳೇ ಬ್ರೆಡ್ಡಿಗೆ ಹಿಡಿಯುವ ಬೂಷ್ಟಿನ ಜಾತಿಯದೇ, ಆದರೆ ಚರ್ಮದ ರುಚಿ ಕಂಡದ್ದು. ಮನುಷ್ಯರಿಗೆ ಹತ್ತಿದರೆ ಹುಳುಕಡ್ಡಿಯಾಗಿ ಉಂಗುರ ಉಂಗುರವಾಗಿ ಏಳುತ್ತದೆ.

ಚಿಕಿತ್ಸೆಯಲ್ಲಿ ಜಾಣತನಕ್ಕಿಂತ ದುಡಿಮೆಯೇ ಹೆಚ್ಚು. ಒಂದೊಂದನ್ನೇ ಎತ್ತಬೇಕು. ಬೆಚ್ಚಗಿನ ನೀರಿರುವ ಅಗಲ ಬೇಸಿನ್‌ನಲ್ಲಿ ಇಳಿಸಿದರೆ ಚೆಂಡು ತಾನಾಗಿ ಬಿಡಿಸಿಕೊಳ್ಳುತ್ತದೆ. ಹಕ್ಕಳೆ ನೆನೆದು ಸಡಿಲವಾಗುವವರೆಗೆ ಕಾಯಬೇಕು. ಔಷಧಿ ಬೆರೆಸಿದ ನೀರನ್ನು ಮುಳ್ಳಿನ ಬುಡಬುಡಕ್ಕೂ ಇಳಿಯುವಂತೆ ಹುಯ್ಯಬೇಕು. ಅದನ್ನು ತೊಳೆಯದೆ ಹಾಗೇ ಒಣಗಲು ಬಿಡಬೇಕು. ಚಳಿ ಹಿಡಿಯದಂತೆ ದೀಪದ ಕೆಳಗೆ ಇಡಬೇಕು. ಕಿವಿಗೆ, ಮೂತಿಗೆ ಹತ್ತಿಕಡ್ಡಿಯಲ್ಲಿ ಮುಲಾಮು. ಹೊಟ್ಟೆಗೆ ಹೋಗುವ ಔಷಧಿಯನ್ನು ಮಾಂಸದ ಮುದ್ದೆಯೊಳಗೆ ಅಡಗಿಸಿಟ್ಟರೆ ಮುದ್ದೆ ತಿಂದು ಔಷಧಿ ಉಗಿಯುವ ಕಲೆ ಅವಕ್ಕೆ ಹುಟ್ಟಿನಿಂದಲೇ ಬಂದಿರುತ್ತದೆ. ಆಮೇಲೆ ಪೆಟ್ಟಿಗೆ ಉಜ್ಜು, ಹಾಸು ಸುಡು, ನೆಲಕ್ಕೆ ಬ್ಲೀಚ್ ಹಾಕು. ಇದೆಲ್ಲ ವಾರಗಟ್ಟಲೆ. ಮೈ ಚೊಕ್ಕವಾಗಿ ಕಂಡಿತೆಂದು ನಡುವೆ ಬಿಡುವಂತಿಲ್ಲ. ಹೊಸ ಹಲ್ಲುಜ್ಜುವ ಬ್ರಷ್ಷನ್ನು ಮುಳ್ಳುಗಳ ನಡುವೆ ಆಡಿಸಿ, ಅದನ್ನು ಪುಟ್ಟ ಗಾಜಿನ ತಟ್ಟೆಯೊಳಗಿನ, ಬೂಷ್ಟು ಬೆಳೆಸಿ ನೋಡುವ ಅಂಟಿಗೆ ಒತ್ತಿ, ಬೆಚ್ಚಗೆ ಇಟ್ಟು ಕಾಯಬೇಕು. ಬಿಳಿ ಹತ್ತಿಯಂಥದ್ದು ಬೆಳೆದು, ತಟ್ಟೆ ಮಗುಚಿದರೆ ತಳದಲ್ಲಿ ಹಳದಿ ಕಂಡರೆ ಬೂಷ್ಟು ಇನ್ನೂ ಇದೆ ಎಂದರ್ಥ. ಮತ್ತೆ ಬೇಸಿನ್, ಮತ್ತೆ ಬೆಚ್ಚಗಿನ ನೀರು.

ಹಾಗೆ ಮತ್ತೆ ಮತ್ತೆ ಆಗುತ್ತಿತ್ತು. ಮೂತಿ ನುಣುಪಾಗಿ, ಹೊಸ ಮುಳ್ಳು ಚಿಗುರಿ, ಇನ್ನೇನು ಬೇಲಿಗೆ ಬಿಡಬೇಕು ಎನ್ನುವಷ್ಟರಲ್ಲಿ ಕಿವಿಯ ಹಿಂದೆ ಮತ್ತೆ ಹೊಟ್ಟು. ಮಾರಿದ ಮಾಲೆಲ್ಲ ವಾಪಸ್ ಬರುವ ಅಂಗಡಿಯಾಯಿತು ಕೋಣೆ. ಕಾಲು ಮುರಿದುಕೊಂಡು ಬಂದದ್ದಕ್ಕೆ ಕಾಲು ಸೇರುವಷ್ಟರಲ್ಲಿ ಬೂಷ್ಟು ಹತ್ತುತ್ತಿತ್ತು. ಸೈಜಣ್ಣನಿಗೂ ಹತ್ತಿತು.

ಮನೆಯಲ್ಲಿ ಅವನ ಹಾಸಿಗೆ ಹಾಲಿಗೆ ಬಂತು. ಬೇರೆ ಟವೆಲು, ಬೇರೆ ಸೋಪು, ಬೇರೆ ಹೊದಿಕೆ. ಮಲಗುವ ಕೋಣೆಯ ಹೊಸ್ತಿಲಿಗೆ ಹೆಂಡತಿ ಒಂದು ಸ್ಟೂಲು ಅಡ್ಡ ಇಟ್ಟಳು.

"ಇದೇನೇ ಚೆಕ್‌ಪೋಸ್ಟು?"

"ನಿಮ್ಮ ಮುಳ್ಳಿಲಿ ಕೋಣೆಗೆ ಹೋಗೋರು ಚಪ್ಪಲಿ ಬದಲಾಯಿಸಬೇಕು, ಕೈ ತೊಳೀಬೇಕು, ಏಪ್ರನ್ ಹಾಕಬೇಕು. ನನ್ನ ಕೋಣೆ ಅದಕ್ಕಿಂತ ಕಡಿಮೇನಾ?"

"ಎಷ್ಟು ದಿನ?"

"ಉಂಗುರ ಹೋಗೋವರೆಗೂ. ಮದುವೆ ಉಂಗುರ ಅಲ್ಲ, ಗಾಬರಿಯಾಗಬೇಡಿ."

ಅವನಿಗೆ ನಗು ಬರಲಿಲ್ಲ. ಹಾಲಿನ ಮಂಚ ಮೋಟು. ಕಾಲು ಚಾಚಿದರೆ ಹಿಮ್ಮಡಿ ಗಾಳಿಯಲ್ಲಿ ನೇತಾಡುತ್ತಿತ್ತು. ತಾನೊಬ್ಬ ತಪ್ಪು ಸೈಜಿನ ಪೆಟ್ಟಿಗೆಗೆ ತುರುಕಿದ ಜೋಡು ಎನಿಸಿ ಮಗ್ಗುಲು ಬದಲಾಯಿಸುತ್ತಿದ್ದ.

ಒಂದು ಬೆಳಿಗ್ಗೆ ಭಾಮೈದ ಹಿಂದಿನ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಒಳಗೆ ಕಾಲಿಡಲಿಲ್ಲ.

"ಭಾವ, ಈಗ ನಾನು ಮ್ಯಾನೇಜರಾಗಿ ಮಾತಾಡ್ತಿದೀನಿ."

"ಕೂತ್ಕೊಂಡು ಮಾತಾಡಪ್ಪ. ಮ್ಯಾನೇಜರಿಗೆ ಮಂಡಿ ನೋಯಲ್ವಾ?" ಸೈಜಣ್ಣ ಬೇಸಿನ್‌ನಿಂದ ತಲೆ ಎತ್ತಲಿಲ್ಲ. ನೀರಿನಲ್ಲಿ ಮುದುಕ ಹನ್ನೊಂದು ತನ್ನ ಮೂತಿಯನ್ನು ಅವನ ಹೆಬ್ಬೆರಳಿಗೆ ಆನಿಸಿಕೊಂಡು ನಿಂತಿತ್ತು.

"ಬೆಕ್ಕಿನ ಕಡೆಗೂ ಹಬ್ಬಿದೆ. ಮೊನ್ನೆ ಒಂದು ಮನೆಗೆ ಸಾಕೋಕೆ ಬೆಕ್ಕಿನ ಮರಿ ಕೊಟ್ವಲ್ಲ, ಆ ಮನೆ ಅಜ್ಜಿಗೆ ಕೆನ್ನೆ ಮೇಲೆ ಉಂಗುರ ಎದ್ದಿದೆ. ಈ ಜಾಗ ನಡೆಸೋ ಟ್ರಸ್ಟಿನೋರು ನನ್ನ ಜೀವ ತಿಂತಿದಾರೆ."

"ಅಜ್ಜಿಗೆ ಮುಲಾಮು ಕಳಿಸು."

"ತಮಾಷೆ ಬೇಡ ಭಾವ. ತೀರ್ಮಾನ ಆಗಿದೆ. ಮುಂದಿನ ಸಲ ಡಾಕ್ಟ್ರಮ್ಮ ತಟ್ಟೆ ಇಡ್ತಾರಲ್ಲ, ಅದ್ರಲ್ಲೂ ಬೂಷ್ಟು ಬಂದ್ರೆ ಈ ಕೋಣೆ ಮುಚ್ಚೋದೇ."

"ಮುಚ್ಚಿದ್ರೆ ಇವು?"

ಭಾಮೈದ ಬಾಗಿಲ ಚೌಕಟ್ಟನ್ನು ಉಗುರಿನಲ್ಲಿ ಕೆರೆದ. "ಸೂಜಿ."

"ಎಂಥ ಸೂಜಿ?"

"ಏಳದೇ ಇರೋ ನಿದ್ದೆಗೆ ಕೊಡ್ತಾರಲ್ಲ, ಅದು."

"ಬೇಲಿಗೆ ಬಿಟ್ಬಿಡೋಣ."

"ಬಿಟ್ರೆ ಊರಲ್ಲಿರೋ ಬೇಲಿಗೆಲ್ಲ ನಾವೇ ಬೂಷ್ಟು ಹಂಚಿದ ಹಾಗೆ. ನಿಮಗೇ ಗೊತ್ತು." ಅಷ್ಟು ಹೇಳಿ, ಮ್ಯಾನೇಜರಿಕೆ ಮುಗಿದವನಂತೆ ದನಿ ಇಳಿಸಿದ. "ಅಕ್ಕನಿಗೆ ನಾನೇ ಹೇಳಿದೆ ಅನ್ಬೇಡಿ."

ಸೈಜಣ್ಣನಿಗೆ ಒಂದು ಕ್ಷಣ ಹಾಯೆನಿಸಿದ್ದು ನಿಜ. ಕೋಣೆ ಮುಚ್ಚಿದರೆ ಬ್ಲೀಚಿನ ವಾಸನೆ ಇಲ್ಲ, ಬಗ್ಗಿ ಬಗ್ಗಿ ಸೊಂಟ ಹಿಡಿಯುವುದಿಲ್ಲ, ಹಾಲಿನ ಮಂಚ ಇಲ್ಲ. ಇದ್ದ ಒಂದು ಅಂಗಡಿಯನ್ನು ತನ್ನ ಕೈಯಾರೆ ಮುಚ್ಚಿದವನಿಗೆ ಇನ್ನೊಂದು ಮುಚ್ಚುವುದೇನು ಮಹಾ. ಆದರೆ ಅಲ್ಲಿ ಉಳಿದದ್ದು ತೊಗಲಿನ ಹಾಳೆ, ಇಲ್ಲಿ ಉಳಿಯುವುದು ಉಸಿರಾಡುವ ಮಾಲು. ಹನ್ನೊಂದನ್ನು ಟವೆಲಿಗೆ ಎತ್ತಿಕೊಂಡಾಗ ಅದು ಚೆಂಡಾಗಲಿಲ್ಲ. ಇವನ ಕೈಯಲ್ಲಿ ಚೆಂಡಾಗುವುದನ್ನು ಅದು ಯಾವಾಗಲೋ ಬಿಟ್ಟುಬಿಟ್ಟಿತ್ತು.

ಮುಂದಿನ ದಿನಗಳಲ್ಲಿ ಅವನು ಕೋಣೆಯನ್ನು ಬುಡಮೇಲು ಮಾಡಿ ಉಜ್ಜಿದ. ಮರದ ಪೆಟ್ಟಿಗೆಗಳನ್ನು ಸುಟ್ಟು ಪ್ಲಾಸ್ಟಿಕ್ಕಿನವನ್ನು ತರಿಸಿದ. ಗೋಡೆಗೆ ಬ್ಲೀಚು, ನಲ್ಲಿಗೆ ಬ್ಲೀಚು, ಲೈಟಿನ ಸ್ವಿಚ್ಚಿಗೆ ಬ್ಲೀಚು. ಪೊರಕೆ ಸುಟ್ಟ, ಏಪ್ರನ್ ಕುದಿಸಿದ, ತಕ್ಕಡಿಯನ್ನು ಬಿಚ್ಚಿ ತೊಳೆದ. ಆಮೇಲೆ ಸುಸ್ತಾಗಿ, ಕೈಗವಸಿಗೆ ಎಣ್ಣೆ ತಿಕ್ಕಿ, ಮೊಳೆಗೆ ಹಾಕಿ ಮನೆಗೆ ಹೋದ.

ತಟ್ಟೆ ಇಡುವ ಹಿಂದಿನ ಸಂಜೆ ಹೆಂಡತಿ ಅವನ ಕೈಗೆ ಮುಲಾಮು ಹಚ್ಚಲು ಕೂತಳು. ಹಚ್ಚುವ ಕೈಗೆ ಪ್ಲಾಸ್ಟಿಕ್ ಚೀಲ, ಬೈಯುವ ಬಾಯಿಗೆ ಏನೂ ಇಲ್ಲ.

"ನೆಟ್ಟಗೆ ಹಿಡೀರಿ. ಇದ್ಯಾಕೆ ಜೋತು ಬೀಳುತ್ತೆ?"

"ದಿನವಿಡೀ ಉಜ್ಜಿದ್ದೀನಿ."

"ನಮ್ಮನೆ ಬಚ್ಚಲು ಒಂದಿನ ಉಜ್ಜಿದ್ರೆ ಇಷ್ಟು ಸುಸ್ತಾಗಲ್ಲ, ಮಾಡಿ ನೋಡಿ." ಅವಳು ಹತ್ತಿಕಡ್ಡಿಯನ್ನು ಅರ್ಧಕ್ಕೆ ನಿಲ್ಲಿಸಿದಳು. ಅವನ ಎರಡು ಕೈಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. "ಏನ್ರೀ, ಇದ್ಯಾಕೆ ಬಳೆ ಇಟ್ಟ ಹಾಗೆ ಬಂದಿದೆ?"

"ಏನು?"

"ಪ್ರಾಣಿ ಹಿಡಿಯೋದು ಬೆರಳಲ್ಲಿ. ಬೆರಳಿಗೆ ಏನೂ ಇಲ್ಲ. ಅಂಗೈಗೂ ಇಲ್ಲ. ಬರೀ ಮಣಿಕಟ್ಟಿನ ಸುತ್ತ. ಎರಡು ಕೈಗೂ ಒಂದೇ ಎತ್ತರದಲ್ಲಿ. ಯಾರೋ ಟೇಪ್ ಹಿಡಿದು ಅಳತೆ ಮಾಡಿದ ಹಾಗೆ."

ಅಳತೆಯ ಮಾತು ಬಂದದ್ದೇ ಸೈಜಣ್ಣ ತನ್ನ ಕೈಯನ್ನು ಮೊದಲ ಸಲ ನೋಡಿದ. ಗಿರಾಕಿಯ ಹಿಮ್ಮಡಿಯ ಮೇಲೆ ಬೂಟು ಕಚ್ಚಿದ ಗುರುತು ನೋಡಿ, ಅದು ಎಂಥ ಬೂಟು, ಎಲ್ಲಿಯ ಹೊಲಿಗೆ ಉಬ್ಬಿದೆ ಎಂದು ಹೇಳಬಲ್ಲವನು ಅವನು. ತನ್ನ ಮೈಮೇಲಿನ ಗುರುತನ್ನು ಓದಲು ಹೆಂಡತಿ ಬೇಕಾಯಿತು. ದಪ್ಪ ಮಡಿಕೆ, ಎರಡೆರಡು ಹೊಲಿಗೆ, ಹೊಲಿಗೆಯ ಸಂದಿ. ಕೈಗವಸಿನ ಅಂಚು ಕೂರುವ ಜಾಗ ಅದು. ಉಜ್ಜದ, ಕುದಿಸದ, ಸುಡದ ಒಂದೇ ಒಂದು ವಸ್ತು ಆ ಕೋಣೆಯಲ್ಲಿತ್ತು. ಅದಕ್ಕೆ ಅವನು ದಿನಾ ಎಣ್ಣೆ ತಿಕ್ಕಿ, ಹೊಟ್ಟನ್ನೆಲ್ಲ ಸಂದಿಯೊಳಗೆ ಭದ್ರವಾಗಿ ತಳ್ಳಿ, ಮಾರನೆಯ ದಿನ ಒಂದೊಂದೇ ಮುಳ್ಳಿಲಿಗೆ ಹಂಚಿದ್ದ.

"ಏನಾಯ್ತು?" ಎಂದಳು ಅವಳು.

"ಏನಿಲ್ಲ. ಉರೀತು."

"ಈ ಮುಲಾಮು ಉರಿಯಲ್ಲ."

"ಹಂಗಾದ್ರೆ ಉರೀಲಿಲ್ಲ, ಬಿಡು."

ಊಟ ಸೇರಲಿಲ್ಲ. ತಟ್ಟೆಯಲ್ಲಿ ಕೈಯಾಡಿಸಿ ಎದ್ದ.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಅವನು ಯಾರ ಕಾಲನ್ನೂ ನೋಡಲಿಲ್ಲ. ಲೆಕ್ಕ ಹಾಕುತ್ತಿದ್ದ. ಕೈಗವಸನ್ನು ಯಾರಿಗೂ ಹೇಳದೆ ದಾರಿಯ ಕಸದ ತೊಟ್ಟಿಗೆ ಎಸೆದರೆ? ಯಾರಿಗೂ ತಿಳಿಯುವುದಿಲ್ಲ. ಕಳೆದುಹೋಯಿತು ಎಂದರೆ ಡಾಕ್ಟ್ರಮ್ಮ ಅಯ್ಯೋ ಪಾಪ ಎನ್ನುತ್ತಾರೆ. ಆದರೆ ನಿನ್ನೆಯೂ ಅದನ್ನು ತೊಟ್ಟೇ ಒಂದೊಂದನ್ನೂ ಎತ್ತಿದ್ದ. ಇವತ್ತಿನ ತಟ್ಟೆಯಲ್ಲಿ ಬೂಷ್ಟು ಬಂದೇ ಬರುತ್ತದೆ. ಎಷ್ಟು ಮಾಡಿದರೂ ಹೋಗದ ಕಾಯಿಲೆ ಎಂದು ಕೋಣೆ ಮುಚ್ಚುತ್ತಾರೆ. ಹೋಗದೇ ಇದ್ದದ್ದು ಯಾಕೆ ಎಂದು ಯಾರಾದರೂ ಹೇಳಿದರೆ ಮಾತ್ರ ಇನ್ನೊಂದು ಅವಕಾಶ ಕೇಳಬಹುದು. ಹೇಳಬಲ್ಲವನು ಊರಿಗೆಲ್ಲ ಒಬ್ಬನೇ. ಬಸ್ಸು ತನ್ನ ನಿಲ್ದಾಣ ದಾಟಿ ಹೋಗಿದ್ದು ಅವನಿಗೆ ಆಮೇಲೆ ತಿಳಿಯಿತು. ಹಿಂದಕ್ಕೆ ನಡೆದುಕೊಂಡು ಬಂದ.

ಡಾಕ್ಟ್ರಮ್ಮ ಆಗಲೇ ಬ್ರಷ್ಷುಗಳನ್ನು ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡಿದ್ದರು. "ಬನ್ನಿ ಬನ್ನಿ. ಗ್ಲೌಸ್ ಹಾಕ್ಕೊಳ್ಳಿ, ಶುರು ಮಾಡೋಣ."

ಸೈಜಣ್ಣ ಮೊಳೆಯಿಂದ ಕೈಗವಸನ್ನು ಒಂದು ಪ್ಲಾಸ್ಟಿಕ್ ಚೀಲದೊಳಗೆ ಬೀಳಿಸಿಕೊಂಡು, ಚೀಲವನ್ನು ಅವರ ಮುಂದಿಟ್ಟ. "ಮೊದಲು ಇದಕ್ಕೆ ಬ್ರಷ್ ಆಡಿಸಿ."

"ಗ್ಲೌಸಿಗಾ?"

"ಪೇಷೆಂಟೇ ಅದು, ಡಾಕ್ಟ್ರಮ್ಮ."

ಅವರು ಚೀಲದೊಳಕ್ಕೆ ಇಣುಕಿ, ಮತ್ತೆ ಅವನ ಮುಖ ನೋಡಿದರು. "ಇದನ್ನ ಬ್ಲೀಚಲ್ಲಿ ಅದ್ದಿದೀರಲ್ವಾ?"

"ತೊಗಲನ್ನ ಯಾರಾದ್ರೂ ಬ್ಲೀಚಿಗೆ ಹಾಕ್ತಾರಾ? ಸುಟ್ಟು ಬಿರುಕು ಬಿಡುತ್ತೆ. ಎಣ್ಣೆ ಹಾಕಿದೀನಿ."

"ಎಣ್ಣೆ."

"ದಿನಾ."

ಡಾಕ್ಟ್ರಮ್ಮ ಸ್ಟೂಲು ಎಳೆದುಕೊಂಡು ಕೂತರು. ಅವನು ಅಂಗಿಯ ತೋಳು ಮೇಲೆತ್ತಿ ಎರಡೂ ಮಣಿಕಟ್ಟು ತೋರಿಸಿದ. "ಮನೆಯವಳು ಕಂಡುಹಿಡಿದಳು."

"ನಾನೂ ಈ ಕೈ ನೋಡಿದೀನಿ. ಮುಲಾಮು ಬರೆದುಕೊಟ್ಟೆ. ಅಷ್ಟೇ ಮಾಡಿದ್ದು." ಅವರು ಕಣ್ಣು ಉಜ್ಜಿಕೊಂಡರು. "ಮತ್ತೆ ಹೊಗಳಿದ್ದು ಯಾರು? ನಾನೇ ಅಲ್ವಾ? ಬಂದವರಿಗೆಲ್ಲ ಕೈಗೆ ಹಾಕಿ ತೋರಿಸಿದೀನ್ರೀ. ಹಂಗೇ ಎದ್ದು ಬೆಕ್ಕಿನ ಕಡೆ ಹೋಗಿದೀನಿ."

ಭಾಮೈದ ಬಂದ. ವಿಷಯ ತಿಳಿಯಿತು. ಇಷ್ಟು ದಿನದ್ದೆಲ್ಲ ಬಾಯಿಂದ ಒಟ್ಟಿಗೆ ಹೊರಟಿತು. "ಭಾವ, ನೀವಾ? ಇಷ್ಟು ತಿಂಗಳು ಕಸ ಗುಡಿಸೋರ ಮೇಲೆ ಕೂಗಾಡಿದೆ, ಹುಲ್ಲು ತರೋನ ಮೇಲೆ ಕೂಗಾಡಿದೆ, ಔಷಧಿ ಕಂಪನಿಗೆ ಫೋನ್ ಮಾಡಿ ಕೂಗಾಡಿದೆ..."

"ಈಗ ನನ್ನ ಮೇಲೂ ಕೂಗಾಡು. ನಿಂಗೂ ಸಮಾಧಾನ ಆಗುತ್ತೆ."

"ಆಗಲ್ಲ. ಬಯ್ಯೋಕೂ ಆಗದ ಸಂಬಂಧ ನಿಮ್ಮದು."

"ಮ್ಯಾನೇಜರಾಗಿ ಬಯ್ಯಿ."

ನಡುವೆ ಬಂದವರು ಡಾಕ್ಟ್ರಮ್ಮ. "ಮೂಲ ಇದೇ ಆದ್ರೆ ಈ ತಟ್ಟೇಲಿ ಬೂಷ್ಟು ಬರೋದು ಗ್ಯಾರಂಟಿ. ಆದ್ರೆ ಈಗ ಕೋಣೆ ಮುಚ್ಚೋದು ಅಂದ್ರೆ ಕಳ್ಳ ಸಿಕ್ಕಿದ ಮೇಲೆ ಮನೆಗೆ ಬೆಂಕಿ ಹಚ್ಚಿದ ಹಾಗೆ. ಇನ್ನೊಂದು ಸುತ್ತು ಔಷಧಿ. ಟ್ರಸ್ಟಿನೋರಿಗೆ ನಾನು ಹೇಳ್ತೀನಿ. ಗ್ಲೌಸ್ ಕೊಂಡಾಡಿದ್ದು ನಾನೇ ಅಂತಲೂ ಹೇಳ್ತೀನಿ."

"ಇನ್ನೊಂದೇ ಸುತ್ತು," ಎಂದ ಭಾಮೈದ. "ಅಕ್ಕ ಹೇಳಿದ್ಲು ಅಂತಲ್ಲ."

"ಅಕ್ಕ ಹೇಳಿದ್ಲಾ?"

"ಬೆಳಿಗ್ಗೇನೇ ಫೋನ್ ಬಂತು. 'ನಿಮ್ಮ ಭಾವ ಊಟ ಬಿಟ್ಟಿದಾರೆ. ಆ ಮುಳ್ಳಿನ ಮೂಟೆಗಳಿಗೆ ಏನಾದ್ರೂ ಮಾಡಿದ್ರೆ ನಮ್ಮನೆ ಮೆಟ್ಟಿಲು ಹತ್ತಬೇಡ' ಅಂದ್ಲು. ಯಾವ ಸೂಜಿ, ಯಾವ ತಟ್ಟೆ, ಎಲ್ಲ ಗೊತ್ತು ಅವಳಿಗೆ. ನಾನು ಹೇಳಿಲ್ಲ, ನೀವು ಹೇಳಿಲ್ಲ. ಹೆಂಗೆ ಗೊತ್ತಾಯ್ತು?"

ಮೋಟು ಮಂಚದ ಮೇಲೆ ತಾನು ನಿದ್ದೆಯಲ್ಲಿ ಮಾತಾಡುತ್ತೇನೆಂದು ಸೈಜಣ್ಣನಿಗೆ ಗುಮಾನಿ ಇತ್ತು.

ತಟ್ಟೆಗಳಲ್ಲಿ ಬಿಳಿ ಎದ್ದಿತು, ಎಲ್ಲದರಲ್ಲೂ. ಕೈಗವಸಿನ ತಟ್ಟೆ ಎಲ್ಲಕ್ಕಿಂತ ಮೊದಲು ತುಂಬಿ, ಮುಚ್ಚಳಕ್ಕೆ ತಾಗುವಂತೆ ಉಬ್ಬಿತು. ಮಗುಚಿದರೆ ತಳದಲ್ಲಿ ಕಡು ಹಳದಿ.

ಸುಡಲು ಕಳಿಸುವ ಕೆಂಪು ಚೀಲಕ್ಕೆ ಕೈಗವಸನ್ನು ಹಾಕಿದವನು ಅವನೇ. ಎಷ್ಟು ವರ್ಷಗಳ ರೂಢಿ, ಎಡದ್ದನ್ನೂ ಬಲದ್ದನ್ನೂ ಒಂದರ ಮೇಲೊಂದು ಜೋಡಿಸಿ, ಹೆಬ್ಬೆರಳನ್ನು ಒಳಗೆ ಮಡಿಚಿ, ಗಿರಾಕಿಗೆ ಪ್ಯಾಕು ಮಾಡಿಕೊಡುವಂತೆ ಇಟ್ಟ. ಚೀಲದ ಬಾಯಿ ಕಟ್ಟಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಭಾಮೈದ ಬಂದು ಚೀಲ ಎತ್ತಿಕೊಂಡು, ಏನೋ ಹೇಳಲು ಹೋಗಿ, "ಹೊಲಿಗೆ ಚೆನ್ನಾಗಿತ್ತು ಭಾವ" ಎಂದ. ಅವನ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಮತ್ತೆ ಶುರುವಾಯಿತು. ಒಳಗೆ ದಿನಾ ಕುದಿಸಿದ ಹತ್ತಿಯ ಕೈಗವಸು, ಮೇಲೆ ತೆಳು ರಬ್ಬರಿನದು, ಒಂದು ಪ್ರಾಣಿಗೆ ಒಂದು, ಮುಗಿದ ತಕ್ಷಣ ಕಸಕ್ಕೆ. ರಬ್ಬರನ್ನೂ ಹತ್ತಿಯನ್ನೂ ದಾಟಿ ಮುಳ್ಳು ಬೆರಳಿಗೆ ಇಳಿಯುತ್ತಿತ್ತು. ಸಂಜೆಯ ಹೊತ್ತಿಗೆ ಬೆರಳ ತುದಿ ಜರಡಿ. ಬೆಚ್ಚಗಿನ ನೀರು, ಹಕ್ಕಳೆ, ಔಷಧಿ, ದೀಪ, ಮುಲಾಮು, ಉಗಿದ ಔಷಧಿಯನ್ನು ಮತ್ತೆ ತಿನ್ನಿಸುವುದು. ಬಸ್ಸಿನಲ್ಲಿ ಕೂತರೆ ನಿದ್ದೆ ಬರುತ್ತಿತ್ತು, ಮಂಚದ ಮೇಲೆ ಮಲಗಿದರೆ ಬರುತ್ತಿರಲಿಲ್ಲ.

ಮುದುಕ ಹನ್ನೊಂದು ಆ ಸುತ್ತಿನ ನಡುವೆಯೇ ತಿನ್ನುವುದನ್ನು ಕಡಿಮೆ ಮಾಡಿತು. ಮೈಯ ಬೂಷ್ಟು ಹೋಗುತ್ತಿತ್ತು, ಮುದುಕನೂ ಹೋಗುತ್ತಿದ್ದ. ಅಷ್ಟು ಕಾಲ ಔಷಧಿ ಕುಡಿದು ಲಿವರ್ ಸೋತಿದೆ ಎಂದರು ಡಾಕ್ಟ್ರಮ್ಮ. ಔಷಧಿ ನಿಲ್ಲಿಸಿ, ಬೇರೆ ಕೊಟ್ಟು, ಬೆಚ್ಚಗಿಟ್ಟು ನೋಡಿದರು. ಒಂದು ಬೆಳಿಗ್ಗೆ ಸೈಜಣ್ಣ ಬಾಗಿಲು ತೆರೆದಾಗ ಅದು ಕಾಲು ಚಾಚಿ ಉದ್ದಕ್ಕೆ ಮಲಗಿತ್ತು. ಚೆಂಡಾಗಿರಲಿಲ್ಲ. ಕಿವಿಯ ಹಿಂದೆ ಹೊಟ್ಟಿನ ಕುರುಹೂ ಇರಲಿಲ್ಲ, ಮುಳ್ಳು ಒತ್ತಾಗಿ ಬೆಳೆದಿತ್ತು.

"ವಯಸ್ಸಾಗಿತ್ತು," ಎಂದರು ಡಾಕ್ಟ್ರಮ್ಮ.

"ಆಗಿತ್ತು."

"ನೀವು ಅದನ್ನೇ ತಲೇಲಿ ಇಟ್ಕೋಬೇಡಿ."

"ಇಲ್ಲ." ಅವನು ಅದನ್ನು ಟವೆಲಿನಲ್ಲಿ ಸುತ್ತುತ್ತಿದ್ದ. ಹಳೇ ಜೋಡನ್ನು ತಿರುಗಿಸಿ ಅಟ್ಟೆ ನೋಡಿ, ಇನ್ನೆಷ್ಟು ದಿನ ಬಾಳಿಕೆ ಬರುತ್ತದೆಂದು ಹೇಳಿ ಹೇಳಿ ಅಭ್ಯಾಸವಾದವನು. "ಇನ್ನೊಂದು ಚಳಿಗಾಲ ಬಾಳಿಕೆ ಬರ್ತಿತ್ತು, ಡಾಕ್ಟ್ರಮ್ಮ. ನನ್ನ ಕೈಗವಸು ಇಲ್ಲದಿದ್ರೆ."

ಅವರು ಕೆಂಪು ಚೀಲದ ಬಾಯಿ ಬಿಡಿಸಿ ಹಿಡಿದರು. ಆ ಟವೆಲನ್ನೂ ಸೇರಿಸಿ ಸುಟ್ಟರು.

ಸುತ್ತು ಮುಗಿದು ತಟ್ಟೆ ಇಟ್ಟರು. ಕಾದರು. ಭಾಮೈದ ದಿನಕ್ಕೆರಡು ಸಲ ಬಂದು ಗಾಜಿಗೆ ಮೂಗು ಒತ್ತಿ ನೋಡಿ ಹೋಗುತ್ತಿದ್ದ. ಕೊನೆಗೆ ಡಾಕ್ಟ್ರಮ್ಮ ಒಂದೊಂದೇ ತಟ್ಟೆಯನ್ನು ಬೆಳಕಿಗೆ ಹಿಡಿದು, ಮಗುಚಿ, ಮತ್ತೆ ಹಿಡಿದು, ಮೇಜಿನ ಮೇಲಿಟ್ಟರು. ಎಲ್ಲ ಖಾಲಿ. ತೊಳೆದಿಟ್ಟ ಗಾಜಿನ ಹಾಗೆ. ಎರಡನೆಯ ಸಲ ಇಟ್ಟಾಗಲೂ ಹಾಗೇ. ಯಾರೂ ಕೇಕೆ ಹಾಕಲಿಲ್ಲ. ಸೈಜಣ್ಣ "ಸರಿ ಹಾಗಾದ್ರೆ" ಎಂದು, ನೀರು ಕಾಯಿಸಲು ಇಟ್ಟಿದ್ದ ಒಲೆಯನ್ನು ಆರಿಸಿದ.

ಮುಸ್ಸಂಜೆ ಅವುಗಳನ್ನು ಆಸರೆಮನೆಯ ಹಿಂದಿನ ಬೇಲಿಯ ಬುಡಕ್ಕೆ ಒಯ್ದು ಇಳಿಸಿದರು. ಆರೂವರೆ ಹಿಂತಿರುಗಿ ನೋಡದೆ ನುಗ್ಗಿ ಹೋಯಿತು. ಮೂರು ಮಾತ್ರ ಅಲ್ಲೇ ಚೆಂಡಾಗಿ ಕೂತು ಎಲ್ಲರನ್ನೂ ಕಾಯಿಸಿತು.

"ತಳ್ಳೋಣ್ವಾ ಭಾವ?"

"ಗಿರಾಕೀನ ತಳ್ಳಬಾರದು. ಆ ಕಡೆ ನೋಡು."

ಇಬ್ಬರೂ ಆ ಕಡೆ ನೋಡುತ್ತ ನಿಂತರು. ತಿರುಗಿದಾಗ ಹುಲ್ಲು ಮಾತ್ರ ಅಲ್ಲಾಡುತ್ತಿತ್ತು.

ಮನೆಯಲ್ಲಿ ಹೆಂಡತಿ ಅವನ ಮಣಿಕಟ್ಟನ್ನು ದೀಪದ ಕೆಳಗೆ ಹಿಡಿದು, ಬಟ್ಟೆ ಕೊಳ್ಳುವವಳಂತೆ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಈ ಸಲ ಅವಳ ಕೈಗೆ ಚೀಲ ಇರಲಿಲ್ಲ. "ಕಲೆ ಉಳಿದಿದೆ."

"ಕಲೆ ಅಂಟಲ್ಲ."

"ಗೊತ್ತು." ಎದ್ದು ಹೋಗಿ ಹೊಸ್ತಿಲ ಸ್ಟೂಲನ್ನು ಅಡುಗೆಮನೆಗೆ ಒಯ್ದಳು. "ದಿಂಬು ಒಳಗೆ ತನ್ನಿ. ಆ ಟವೆಲ್ ಮಾತ್ರ ಬೇಡ. ಅದನ್ನ ಸುಟ್ಟುಬಿಡಿ."

"ಚೆನ್ನಾಗಿದೆಯಲ್ಲೇ ಟವೆಲ್ಲು."

ಅವಳು ಅವನನ್ನೇ ನೋಡಿದಳು. ಅವನು ಟವೆಲನ್ನು ಹಿತ್ತಲಿಗೆ ಒಯ್ದ.

ಕೆಲವು ದಿನ ಹಿಂದಿನ ಕೋಣೆ ಖಾಲಿ ಇತ್ತು. ಸೈಜಣ್ಣ ಗೋಡೆಗೆ ಒರಗಿ ಕೂತು, ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿಕೊಂಡು, ಬಾಗಿಲ ಹಿಂದಿನ ಬರೀ ಮೊಳೆಯನ್ನು ನೋಡುತ್ತಿದ್ದ. ಆಮೇಲೊಂದು ಮಧ್ಯಾಹ್ನ ಹೆಂಗಸೊಬ್ಬಳು ಬಂದಳು. ಕಾಲಿನ ಸೈಜು ಏಳು, ಸ್ವಲ್ಪ ಅಗಲ. ಎದೆಗವಚಿಕೊಂಡಿದ್ದ ರಟ್ಟಿನ ಪೆಟ್ಟಿಗೆ ಅವನ ಅಂಗಡಿಯದೇ. ಬಣ್ಣ ಮಾಸಿತ್ತು, ಆದರೆ ಮುಚ್ಚಳದ ಮೇಲಿನ ಹಸಿರು ಪಟ್ಟಿ ಹಾಗೇ ಇತ್ತು. ಮದುವೆಗೆ ಕೊಂಡ ಜೋಡಿನದಂತೆ, ಜೋಡು ಸವೆದರೂ ಪೆಟ್ಟಿಗೆ ಗಟ್ಟಿಯಾಗಿದೆಯೆಂದು ಇಟ್ಟುಕೊಂಡಿದ್ದಳಂತೆ.

"ನಮ್ಮ ಗೇಟಿನ ಹತ್ರ ಸಿಕ್ತು ಅಣ್ಣ. ಮೂತಿಗೆ ಏನೋ ಮಣ್ಣು ಮೆತ್ಕೊಂಡಿದೆ ಅಂತ ಒರೆಸಿದೆ, ಹೋಗಲಿಲ್ಲ."

ಸೈಜಣ್ಣ ಮುಚ್ಚಳ ತೆಗೆದು ನೋಡಿದ. ಮಣ್ಣಲ್ಲ.

"ಒರೆಸಿದ ಕೈಯನ್ನ ಅಲ್ಲಿ ನಲ್ಲೀಲಿ ಸೋಪ್ ಹಾಕಿ ತೊಳ್ಕೊಳ್ಳಮ್ಮ. ಚೆನ್ನಾಗಿ. ಮಣಿಕಟ್ಟಿನವರೆಗೂ."

ಹತ್ತಿಯದರ ಮೇಲೆ ರಬ್ಬರಿನದು ಎಳೆದುಕೊಂಡು ಚೆಂಡನ್ನು ಎತ್ತಿ ಬೇಸಿನ್‌ಗೆ ಇಳಿಸಿದ. ಪೆಟ್ಟಿಗೆಯನ್ನು ಒಂದು ಸಲ ತಿರುಗಿಸಿ ನೋಡಿದ. ಮೂಲೆಗಳು ಇನ್ನೂ ನೆಟ್ಟಗಿದ್ದವು. ಅದನ್ನು ಕಾಲಿನಲ್ಲಿ ಮೆಟ್ಟಿ ಚಪ್ಪಟೆ ಮಾಡಿ, ಮುಚ್ಚಳವನ್ನೂ ಸೇರಿಸಿ, ಕೆಂಪು ಚೀಲಕ್ಕೆ ತುರುಕಿದ.